ಮೇಷ್ಟ್ರ ದನಿ ಕಾಯುವ ಡಬ್ಬಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಎರಡನೇ ಮಹಡಿಯ ಅಡುಗೆಮನೆಯಲ್ಲಿ, ಪಾತ್ರೆ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಡಬ್ಬಿ ಅಕ್ಕ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪಕ್ಕದ ಚಹಾ ಆರಿ ಕೆನೆ ಕಟ್ಟಿದೆ. ಮೊದಲ ಪಾಳಿಯ ಬಸ್ಸು ಓಡಿಸಲು ಹೊರಟ ಗಂಡ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದಾರೆ. ಕಿವಿ ಮಾತ್ರ ಒಳಗಿದೆ.

"ಇವತ್ತೊಂದಿನ ಬಿಡೇ. ನೆಟ್ಟಗೆ ನಡೀತಿರೋದನ್ನ ಯಾಕೆ ಕೆಡವ್ತೀಯ? ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ!"

"ಇವತ್ತೇ ಕೆಡವ್ಬೇಕು ರೀ. ನೀವು ಹೊರಡಿ, ಜನ ಕಾಯ್ತಿರ್ತಾರೆ."

ಹೊರಡುವ ಲಕ್ಷಣ ಗಂಡನಲ್ಲಿ ಕಾಣುವುದಿಲ್ಲ. ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಡಬ್ಬಿ ಅಕ್ಕನ ಕಸುಬು ಹೇಳಿದರೆ ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ, ಉಳಿದರ್ಧ ಜನ ಅರ್ಥವಾದಂತೆ ತಲೆಯಾಡಿಸುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದು ಕೂತಿರುವ ನಾನು ಎರಡನೆಯ ಗುಂಪಿನವನು. ಎಲ್ಲೋ ದೂರದ ಕಟ್ಟಡದಲ್ಲಿ ಹಗಲಿರುಳು ಓಡುವ ಕಂಪ್ಯೂಟರಿನಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯುವುದು, ಅಲ್ಲಿ ಸಣ್ಣ ಸಂಸ್ಥೆಗಳ ಆ್ಯಪ್, ಜಾಲತಾಣಗಳನ್ನು ಕೂರಿಸುವುದು, ಅವು ಕೆಡದಂತೆ ನೋಡಿಕೊಳ್ಳುವುದು ಇವರ ಕೆಲಸ. ಪ್ರತಿಯೊಂದನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಪ್ರತ್ಯೇಕವಾಗಿ ಕಟ್ಟಿಡುತ್ತಾರೆ. ಈ ಕಸುಬಿನವರು ಅದನ್ನು ಕಂಟೇನರ್ ಎನ್ನುತ್ತಾರೆ, ನಮ್ಮ ಅಕ್ಕ ಡಬ್ಬಿ ಎನ್ನುತ್ತಾರೆ.

"ಊಟದ ಕ್ಯಾರಿಯರ್ ನೋಡಿದೀರಲ್ಲ? ಒಂದರಲ್ಲಿರೋದು ಇನ್ನೊಂದಕ್ಕೆ ಸೋರಬಾರದು. ಒಂದು ಹಳಸಿದ್ರೆ ಅದನ್ನಷ್ಟೇ ಚೆಲ್ಲಿ ಹೊಸದು ತುಂಬೋದು. ಅಷ್ಟೇ ಕಣ್ರೀ ನನ್ನ ವಿದ್ಯೆ."

ಅಷ್ಟೇ ಅಲ್ಲ ಎಂಬುದು ಅವರಿಗೂ ಗೊತ್ತು. ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವರು, ಮಗಳು ಹುಟ್ಟಿದ ಮೇಲೆ ಮನೆಯಲ್ಲೇ ಕೂತು, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ಇನ್ನೊಂದರಲ್ಲಿ ಕೀಲಿಮಣೆ ಒತ್ತುತ್ತ ಇದನ್ನು ಕಲಿತರು. ಕಲಿಯುವಾಗ ಎಷ್ಟು ಸಲ ಅತ್ತರೋ ಲೆಕ್ಕವಿಲ್ಲ. ಈಗ ಹನ್ನೊಂದು ಡಬ್ಬಿಗಳಿಗೆ ಇವರೇ ದಿಕ್ಕು. ಒಂದರಲ್ಲಿ ಹಲ್ಲಿನ ಆಸ್ಪತ್ರೆಯ ಸರದಿ, ಇನ್ನೊಂದರಲ್ಲಿ ಈಜುಕೊಳದ ಪಾಸು. ಅಕ್ಕನಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕಣ್ಣು ಕಾಣದವರಿಗಾಗಿ ಹಲವರು ಓದಿ ಮುದ್ರಿಸಿಕೊಟ್ಟ ಪುಸ್ತಕಗಳನ್ನು ಕೇಳಿಸುವ ಡಬ್ಬಿ. ದಿನಕ್ಕೆ ಮುನ್ನೂರು ಚಿಲ್ಲರೆ ಮಂದಿ ಅದರಲ್ಲಿ ಕತೆ ಕೇಳುತ್ತಾರೆ.

ಅಕ್ಕನಿಗೆ ಪೆಟ್ಟು ಬಿದ್ದದ್ದೂ ಅಲ್ಲೇ.

ಮಕ್ಕಳಿಗೆಂದು ಒಂದು ಉದ್ದನೆಯ ಹಡಗಿನ ಕತೆಯನ್ನು ಓದಿಕೊಟ್ಟವರು ಇದೇ ಕಟ್ಟಡದ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು. ಪ್ರತಿ ಅಧ್ಯಾಯ ಮುಗಿದಾಗಲೂ ಗಂಟಲು ಸರಿಮಾಡಿಕೊಂಡು, "ಇವತ್ತಿಗೆ ಸಾಕು, ಹೋಗಿ ಆಡ್ಕೊಳ್ಳಿ" ಎನ್ನುವುದು ಅವರ ರೂಢಿ. ಕತೆಯಷ್ಟೇ ಆ ಮಾತಿಗೂ ಅಭಿಮಾನಿಗಳಿದ್ದರು. ಆಮೇಲೆ ಗಂಟಲಿಗೆ ಕಾಯಿಲೆ ಬಂತು, ಶಸ್ತ್ರಚಿಕಿತ್ಸೆಯಾಯಿತು, ಮೇಷ್ಟ್ರು ಉಳಿದರು, ದನಿ ಉಳಿಯಲಿಲ್ಲ.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಅಕ್ಕ ಆ ಡಬ್ಬಿಯನ್ನು ಹೊಸದು ಮಾಡಲು ಕೂತರು. ಹಳೆಯದನ್ನು ಎಸೆದು ಹೊಸದನ್ನು ಇಡುವುದೇ ಈ ಕೆಲಸದ ಪದ್ಧತಿ. ಮುದ್ರಿಸಿದ ದನಿಗಳನ್ನು ಡಬ್ಬಿಯ ಹೊರಗೆ, ಬೇರೆ ಕಪಾಟಿನಲ್ಲಿ ಇಟ್ಟಿರಬೇಕಿತ್ತು. ಅವು ಒಳಗೇ ಉಳಿದಿದ್ದವು. ಡಬ್ಬಿಯ ಜೊತೆ ಅವೂ ಹೋದವು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

"ಬೇರೆಯವರೆಲ್ಲ ಇನ್ನೊಂದ್ಸಲ ಓದ್ತೀವಿ ಅಂದ್ರು. ಮೇಷ್ಟ್ರು ಹೇಗೆ ಓದ್ತಾರೆ? ಕೆಳಗೆ ಹೋಗಿ ನಾನೇ ಹೇಳ್ದೆ. ಅವರ ಮನೆಯವರು 'ಹೋಗ್ಲಿ ಬಿಡಮ್ಮ' ಅಂದ್ರು. ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿದ್ರು." ಇಷ್ಟು ಹೇಳಿ ಅಕ್ಕ ಹೆಗಲ ಬಟ್ಟೆಯಿಂದ ಒಣಗಿದ ಮೇಜನ್ನೇ ಒರೆಸುತ್ತಾರೆ.

ಅಕ್ಕ ಸುಮ್ಮನೆ ಕೂರಲಿಲ್ಲ. ಕೇಳುಗರಿಗೆ ಒಬ್ಬೊಬ್ಬರಿಗೂ ಫೋನು ಮಾಡಿದರು. ಬಸ್ಸಿನಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಕತೆಯನ್ನು ಮೊಬೈಲಿನಲ್ಲೇ ಉಳಿಸಿಕೊಂಡಿದ್ದವರು ಹಲವರಿದ್ದರು. ಒಬ್ಬರಿಂದ ಒಂದು ಅಧ್ಯಾಯ, ಇನ್ನೊಬ್ಬರಿಂದ ಎರಡು, ಹೀಗೆ ಕತೆ ಮರಳಿ ಕೂಡಿತು. ಕೊನೆಯ ಅಧ್ಯಾಯ ಮಾತ್ರ ಯಾರ ಬಳಿಯೂ ಇರಲಿಲ್ಲ. ಹಡಗು ವರ್ಷಗಟ್ಟಲೆ ನಡುನೀರಿನಲ್ಲೇ ನಿಂತಿತು.

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಅಕ್ಕ ಚೆನ್ನಾಗಿರುವ ಡಬ್ಬಿಯೊಂದನ್ನು ಬೇಕೆಂದೇ ಅಳಿಸಿ ಮತ್ತೆ ಕಟ್ಟುತ್ತಾರೆ. ಈಗ ಹೊರಗಿನ ಕಪಾಟಿನಲ್ಲಿ ಇಟ್ಟಿರುವುದು ನಿಜಕ್ಕೂ ಉಳಿಯುತ್ತದೆಯೇ ಎಂದು ನೋಡುವ ಬಗೆ ಇದೊಂದೇ ಎನ್ನುವುದು ಅವರ ವಾದ. ಬಟಾಣಿ ಸುಲಿಯುತ್ತ ಕೂತ ಅತ್ತೆ ನಗುತ್ತಾರೆ. "ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನಮ್ಮ ಸೊಸೆ ಹಾಕಿದ್ದಷ್ಟೇ ಅಲ್ಲ, ವಾರವಾರ ಒದ್ದು ನೋಡ್ತಾಳೆ!"

ಇಂದಿನ ಭಾನುವಾರ ಬೇರೆ. ಕಣ್ಣು ಕಾಣದ ಅಂಗಮರ್ದಕರೊಬ್ಬರು ತಮ್ಮ ಸತ್ತುಹೋದ ಹಳೆಯ ಮೊಬೈಲನ್ನು ಕಳಿಸಿದ್ದರು. ರಿಪೇರಿಯವನು ಅದರ ಹೊಟ್ಟೆ ಬಗೆದು ನಿನ್ನೆ ಸಂಜೆ ಕೊನೆಯ ಅಧ್ಯಾಯವನ್ನು ಹೊರತೆಗೆದಿದ್ದಾನೆ. ಅಕ್ಕ ಅದನ್ನು ಕಪಾಟಿಗೆ ಸೇರಿಸಿದ್ದಾರೆ, ಬೇರೆಡೆ ಪ್ರತಿಯನ್ನೂ ಇಟ್ಟಿದ್ದಾರೆ. ಆದರೂ ಕೆಡವಿ ಕಟ್ಟಿ ನೋಡುವ ತನಕ "ಬಂತು" ಎನ್ನುವವರಲ್ಲ. ಕೆಳಗೆ ಮೇಷ್ಟ್ರು ಮೊಬೈಲ್ ಹಿಡಿದು ಕಾಯುತ್ತಿದ್ದಾರೆ.

ಅಕ್ಕ ಕೀಲಿ ಒತ್ತುತ್ತಾರೆ. ಪರದೆಯ ಪಟ್ಟಿಯಿಂದ ಒಂದು ಸಾಲು ಮಾಯ. ಬಟಾಣಿ ಸುಲಿಯುವ ಸದ್ದು ನಿಲ್ಲುತ್ತದೆ. ಅಕ್ಕ ಇನ್ನೊಂದು ಸಾಲು ಬರೆದು ಒತ್ತುತ್ತಾರೆ, ಹೊಸ ಡಬ್ಬಿ ಏಳುತ್ತದೆ. ಅಕ್ಕ ಕೆಳಗೆ ಫೋನು ಮಾಡಿ, "ಹಾಕಿ ಮೇಷ್ಟ್ರೇ" ಎನ್ನುತ್ತಾರೆ.

ತೆರೆದ ಕಿಟಕಿಯಿಂದ ಕೆಳಮನೆಯ ದನಿ ಮೇಲೇರಿ ಬರುತ್ತದೆ. ಗಟ್ಟಿ ದನಿ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವಂಥದ್ದು. ಹಡಗು ದಡ ಮುಟ್ಟುತ್ತದೆ, ಜನ ಇಳಿಯುತ್ತಾರೆ. ಗಂಟಲು ಸರಿಮಾಡಿಕೊಂಡ ಸದ್ದು. "ಇವತ್ತಿಗೆ ಸಾಕು, ಹೋಗಿ ಆಡ್ಕೊಳ್ಳಿ."

ಆಮೇಲೆ ನಮ್ಮ ಕಾಲಡಿಯ ನೆಲಕ್ಕೆ ಕೆಳಗಿನಿಂದ ಕೋಲಿನ ಎರಡು ಬಡಿತ. ಮೇಷ್ಟ್ರ ಈಗಿನ ಭಾಷೆಯಲ್ಲಿ ಒಂದು ಬಡಿತವೆಂದರೆ "ಬೇಡ", ಎರಡೆಂದರೆ "ಸರಿ". ಅದರ ಬೆನ್ನಿಗೇ ಮತ್ತೆ ಎರಡು, ಮತ್ತೆ ಎರಡು.

ಬಾಗಿಲಲ್ಲಿದ್ದ ಗಂಡ ಕಣ್ಣೊರೆಸಿಕೊಂಡು ಮೆಟ್ಟಿಲಿಳಿಯುತ್ತಾರೆ. ಅಕ್ಕ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಇನ್ನಾದರೂ ಭಾನುವಾರ ಬೆಳಗ್ಗೆ ಮಲಗಬಹುದಲ್ಲ ಎಂದು ಕೇಳುತ್ತೇನೆ.

"ಅಯ್ಯೋ, ಎಲ್ಲಿ ಬಿಡ್ತೀನಿ! ಮುಂದಿನ ವಾರನೂ ಕೆಡವ್ತೀನಿ. ಇಷ್ಟು ದಿನ ಹೆದರಿಕೊಂಡು ಕೆಡವ್ತಿದ್ದೆ. ಇನ್ಮೇಲೆ ಮೇಷ್ಟ್ರ ದನಿ ಕೇಳೋಕೆ ಕೆಡವ್ತೀನಿ."