ಎಸೆನ್ಸ್ ಕುಡಿದ ಮಣಿಗಳು

ಕಳೆದ ಶನಿವಾರ ಕಡೂರಿನಲ್ಲಿ ಒಬ್ಬ ಮೇಡಂ ನಾನು ಕಡೆದ ಶ್ರೀಗಂಧದ ಮಣಿಯನ್ನು ಮೂಗಿಗೆ ಹಿಡಿದರು. ಎರಡು ಸಲ ಉಸಿರೆಳೆದರು. ಆಮೇಲೆ, ಇದರಲ್ಲಿ ಪರಿಮಳವೇ ಇಲ್ಲವಲ್ಲ ಎಂದರು.

ಹೇಗಾಗಿರಬೇಡ ನನಗೆ? ಅವರು ಮೈಗೆ ಹೊಡೆದುಕೊಂಡಿದ್ದ ಸೆಂಟು ಮೇಳದ ಹಾಲ್‌ನ ಬಾಗಿಲಲ್ಲೇ ನಮ್ಮನ್ನು ಎದುರುಗೊಂಡಿತ್ತು. ಅದನ್ನು ದಾಟಿ ಮರದ ಗಂಧ ಅವರ ಮೂಗು ಮುಟ್ಟುವುದಾದರೂ ಹೇಗೆ?

ವಿಷಯ ಇಷ್ಟು. ನನ್ನ ಅಕ್ಕನ ಮಗಳು ಗಿರಿಜಾ ಅಜ್ಜಂಪುರದಲ್ಲಿದ್ದಾಳೆ. ಮರದ ಮಣಿ ಪೋಣಿಸಿ ಸರ, ಓಲೆ, ಬಳೆ ಮಾಡುತ್ತಾಳೆ. ಇಷ್ಟು ದಿನ ಮನೆ ಬಾಗಿಲಿಗೆ ಬಂದವರಿಗಷ್ಟೇ ಕೊಡುತ್ತಿದ್ದಳು. ಈಗ ಕಡೂರಿನಲ್ಲಿ ತಿಂಗಳಿಗೊಮ್ಮೆ ಕೈಕೆಲಸದ ವಸ್ತುಗಳ ಮಾರಾಟ ಮೇಳ ಶುರುವಾಗಿದೆ. ಅಲ್ಲಿ ಒಂದು ಟೇಬಲ್ ಸಿಕ್ಕರೆ ಅವಳದೇ ಅಂಗಡಿ ಇದ್ದಂತೆ. ಆಭರಣಕ್ಕೆಂದು ಉಳಿದಿದ್ದುದು ಒಂದೇ ಟೇಬಲ್. ಅದು ಯಾರಿಗೆ ಎಂದು ತೀರ್ಮಾನಿಸುವವರು ಈ ಮೇಡಂ.

ಮಣಿ ಕಡೆದವನು ನಾನು, ತರೀಕೆರೆಯ ನನ್ನ ಲೇತ್‌ನಲ್ಲಿ. (ಮರಕ್ಕೆ ಅರಣ್ಯ ಇಲಾಖೆಯ ಕಾಗದವಿದೆ. ಹುಬ್ಬೇರಿಸಬೇಡಿ.) ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೆ, ಅವತ್ತಿನಿಂದ ಮರ ಬಿಟ್ಟಿಲ್ಲ. ಶ್ರೀಗಂಧದ ಹೊರಗಿನ ಬಿಳಿ ಭಾಗಕ್ಕೆ ವಾಸನೆಯಿಲ್ಲ. ಅದನ್ನು ಕೆತ್ತಿ ಎಸೆದು ಒಳಗಿನ ಚೇಗನ್ನು ಮಾತ್ರ ಮಣಿ ಮಾಡುತ್ತೇನೆ. ವಾರ್ನಿಷ್ ಮುಟ್ಟಿಸುವುದಿಲ್ಲ. ಬಳಿದರೆ ಗಂಧದ ಬಾಯಿ ಕಟ್ಟಿದಂತೆ. ಮಣಿಗಳನ್ನು ಅದೇ ಮರದ ಪುಡಿಯ ಜೊತೆ ಬಟ್ಟೆ ಚೀಲಕ್ಕೆ ತುಂಬಿ, ಒಂದು ತುದಿ ನಾನು, ಒಂದು ತುದಿ ನನ್ನ ಹೆಂಡತಿ ಹಿಡಿದು ತೊಟ್ಟಿಲಿನಂತೆ ತೂಗುತ್ತೇವೆ. ರಟ್ಟೆ ಸೋಲುವವರೆಗೆ ತೂಗಿದರೆ ಹೊಳಪು ತಾನಾಗಿ ಬರುತ್ತದೆ.

ಪಕ್ಕದಲ್ಲೇ ಇನ್ನೊಬ್ಬರು ತಂದ ಸರಗಳಿದ್ದವು. ಫಳಫಳ ವಾರ್ನಿಷ್. ಹತ್ತಡಿ ದೂರಕ್ಕೇ ಘಾಟು. ಕಾರಿನೊಳಗೆ ನೇತುಹಾಕುವ ಡಬ್ಬಿಯ ವಾಸನೆ ಇದೆಯಲ್ಲ, ಅದೇ! ಪ್ಯಾಕೆಟ್ ಮೇಲೆ ಮಾತ್ರ ‘ನೂರಕ್ಕೆ ನೂರು ನ್ಯಾಚುರಲ್’. ಮೇಡಂ ಕಣ್ಣು ಮುಚ್ಚಿ ಮೂಸಿ ‘ಡಿವೈನ್’ ಅಂದರು.

ನಾನು ಸುಮ್ಮನಿರುವ ಪೈಕಿ ಅಲ್ಲ. ಪಕ್ಕದವರದೊಂದು, ನನ್ನದೊಂದು ಬಿಡಿ ಮಣಿ ಇಟ್ಟುಕೊಂಡು ಚಾಕುವಿನಿಂದ ಎರಡನ್ನೂ ಸೀಳಿದೆ. ಅವರದು ಒಳಗೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಂಥ ಬೆಳ್ಳನೆಯ ಮರ. ವಾಸನೆಯೆಲ್ಲ ಸಿಪ್ಪೆಗೇ ಮುಗಿದಿತ್ತು. ನನ್ನದು ಸೀಳಿದ ಕೂಡಲೇ ಅದರ ಗಂಧ ಬೇರೆಯೇ. ಮೇಡಂ ಎರಡನ್ನೂ ಮೂಸಿದರು. ಮುಖ ಬದಲಾಯಿತು. ಗೆದ್ದೆ ಅಂದುಕೊಂಡೆ.

“ನಿಜ, ಒಪ್ಪುತ್ತೇನೆ. ಆದರೆ ಗಿರಾಕಿಗಳು ಒಡೆದು ನೋಡಲ್ವಲ್ಲ?” ಎಂದರು.

ಪೋಣಿಕೆ ಗಿರಿಜಾಳದೇ ಚೆಂದವಂತೆ. ಒಂದು ದಿನ ಎಸೆನ್ಸ್‌ನಲ್ಲಿ ನೆನೆಸಿ ತಂದರೆ ಟೇಬಲ್ ಅವಳಿಗೇ ಅಂತೆ.

ಗಿರಿಜಾ ನನ್ನ ಮುಖ ನೋಡಿದಳು. “ಟೇಬಲ್ಲು ನಿಂದು, ಇಷ್ಟ ನಿಂದು ಕಣೇ” ಎಂದೆ. “ಆದ್ರೆ ಅದ್ದೋ ಹಂಗಿದ್ರೆ ನನ್ ಮಣಿ ಬ್ಯಾಡ. ಯಾವ್ದಾರ ಸೌದೆ ಮಣಿ ತಗಂಡು ಅದ್ಕೊ.”

ಅವಳು ಮೇಡಂ ಹತ್ತಿರ ಒಂದು ಗಂಟೆ ಟೈಮ್ ಕೇಳಿದಳು. ಸರವನ್ನು ತನ್ನ ಕೊರಳಿಗೇ ಹಾಕಿಕೊಂಡಳು. ಸೆರಗು ಸಿಕ್ಕಿಸಿ, ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದ ಹೆಂಗಸರ ಜೊತೆ ಸೇರಿಕೊಂಡಳು. ಮೈ ಬೆವರಿತು. ಗಂಧದ ಮಣಿಗೆ ಬೇಕಾದದ್ದೂ ಅದೇ, ಮೈಯ ಬಿಸಿ. ವಾಪಸ್ ಬಂದು ಎದುರು ನಿಂತಾಗ ಮೇಡಂ ಮೂಗರಳಿಸಿದರು. ಯಾವ ಸೋಪು ಹಾಕುತ್ತೀರಿ ಎಂದು ಕೇಳಿದರು! ಗಿರಿಜಾ ಬೆರಳಲ್ಲಿ ಸರ ಎತ್ತಿ ತೋರಿಸಿದಳು.

ಮೇಡಂ ಅದನ್ನು ಬಿಚ್ಚಿಸಿ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಇದನ್ನು ನಾನೇ ಕೊಳ್ಳುತ್ತೇನೆ ಎಂದರು. ಹಾಗಾದರೆ ಟೇಬಲ್? ಅದು ಬೇರೆ ವಿಷಯವಂತೆ. ಗಿರಾಕಿಗಳಿಗೆ ಒಂದು ಗಂಟೆ ಕಾಯುವ ಪುರುಸೊತ್ತು ಎಲ್ಲಿದೆ? ಟೇಬಲ್ ಮೇಲೆ ಇಡುವುದಕ್ಕೆ ಎಸೆನ್ಸ್ ಹಾಕಲೇಬೇಕಂತೆ.

“ಹಂಗಾದ್ರೆ ನೀವೂ ಎಸೆನ್ಸಿಂದೇ ತಗಳ್ರಿ ಮೇಡಂ” ಎಂದಳು ಗಿರಿಜಾ. “ಇದು ನನ್ ಜತೆ ಬತ್ತೈತೆ.”

ಟೇಬಲ್ ಪಕ್ಕದವರಿಗೆ ಹೋಯಿತು. ಬಸ್ಸಿನಲ್ಲಿ ಬೀರೂರು ದಾಟುವವರೆಗೂ ಅವಳು ಸರವನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಆಮೇಲೆ, ತಪ್ಪು ಮಾಡಿದೆನಾ ಮಾವ ಎಂದು ಕೇಳಿದಳು. ಇಲ್ಲ ಎಂದೆ. ಅಷ್ಟು ಹೇಳಿದ್ದಕ್ಕೆ ಟೇಬಲ್ ವಾಪಸ್ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮೇಡಂ ಮೂಗಿಗೆ ಏನೂ ಆಗಿಲ್ಲ ಬಿಡಿ. ತಮ್ಮ ಕೊರಳಿಗೆ ಯಾವುದು, ನಿಮ್ಮ ಕೊರಳಿಗೆ ಯಾವುದು ಎಂದು ಅದಕ್ಕೆ ಚೆನ್ನಾಗಿಯೇ ಗೊತ್ತು.

ನಿಮ್ಮ ಮೂಗಿನ ಕಥೆ ಏನು?