ಕಾರಿಗೆ ಹೊಲಿದ ಅಂಗಿ

ಬೀದಿಯವರೆಲ್ಲ ಅವರನ್ನು ಅಳತೆ ಮಾಮ ಎಂದೇ ಕರೆಯುತ್ತಿದ್ದರು. ಟೇಪು ಕೈಗೆ ತೆಗೆದುಕೊಳ್ಳುವ ಮೊದಲೇ ಎದುರಿಗೆ ನಿಂತವರ ಭುಜ, ತೋಳು, ಸೊಂಟವನ್ನೆಲ್ಲ ಕಣ್ಣಲ್ಲೇ ಅಳೆದು ಮುಗಿಸುವ ಟೈಲರು. ಕೋಟು ಹೊಲಿಸುವವರು ಕಡಿಮೆಯಾದ ಮೇಲೆ ಊರಾಚೆಯ ಕಾರು ಕಾರ್ಖಾನೆಗೆ ಸೇರಿದರು. ಕಾರ್ಖಾನೆಯಲ್ಲಿ ಟೈಲರಿಗೇನು ಕೆಲಸ ಅಂತೀರಾ? ಇದೆ ಸ್ವಾಮಿ. ದೊಡ್ಡ ದೊಡ್ಡ ಅಧಿಕಾರಿಗಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಹೋಗುವ ಉದ್ದನೆಯ ಐಷಾರಾಮಿ ಕಾರಿಗೆ ಕೆಲವು ವರ್ಷಗಳಿಗೊಮ್ಮೆ ಹೊಸ ರೂಪ ಕೊಡುತ್ತಾರೆ. ಮಾರಾಟಕ್ಕೆ ಬಿಡುವ ಮೊದಲು ಅದನ್ನು ರಸ್ತೆಯಲ್ಲಿ ಓಡಿಸಿ ನೋಡಬೇಕು, ಆದರೆ ರೂಪ ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಅದಕ್ಕೇ ಕಾರಿಗೆ ಕಪ್ಪು ಬಟ್ಟೆಯ ಅಂಗಿ ತೊಡಿಸುತ್ತಾರೆ. ಆ ಅಂಗಿ ಹೊಲಿಯುವುದು ಮಾಮನ ಕೆಲಸ.

ಅನುಮಾನ ಅವರಿಗೆ ಈ ಕೆಲಸದ ಜೊತೆಗೇ ಬಂತು. ಗೇಟಿನಲ್ಲೇ ಮೊಬೈಲು ಕಿತ್ತುಕೊಳ್ಳುತ್ತಿದ್ದರು. ಪಕ್ಕದ ಮೇಜಿನವನು ಏನು ಮಾಡುತ್ತಿದ್ದಾನೆಂದು ಕೇಳುವ ಹಾಗಿರಲಿಲ್ಲ. ಹೊಟ್ಟೆನೋವೆಂದು ಬೇಗ ಮನೆಗೆ ಹೊರಟರೂ ಕಾವಲಿನ ಅಧಿಕಾರಿ ಚೀಲ ಬಿಚ್ಚಿ ನೋಡುತ್ತಿದ್ದ. ಬರಬರುತ್ತಾ ಮಾಮನೂ ಹಾಗೇ ಆದರು. ಬಸ್ಸಿನಲ್ಲಿ ಯಾರಾದರೂ ಎರಡು ಸಲ ನೋಡಿದರೆ ಮೂರನೆಯ ಸಲಕ್ಕೆ ಇಳಿದುಬಿಡುತ್ತಿದ್ದರು.

ಇಂಥ ಮನುಷ್ಯನಿಗೆ ಸಿಕ್ಕ ಭಾವಿ ಅಳಿಯನೋ, ಶುದ್ಧ ಕಾರಿನ ಹುಚ್ಚ. ಟಯರ್ ಅಂಗಡಿಯಲ್ಲಿ ಕೆಲಸ. ಆ ಕಾರು ಕೊಳ್ಳುವುದು ಈ ಜನ್ಮದಲ್ಲಿ ಆಗದ ಮಾತೆಂದು ಅವನಿಗೂ ಗೊತ್ತಿತ್ತು. ಆದರೂ ಹೊಸ ರೂಪ ಯಾವಾಗ ಬರುತ್ತದೋ ಎಂದು ಚಾತಕಪಕ್ಷಿಯ ಹಾಗೆ ಕಾಯುತ್ತಿದ್ದ. ಮಗಳನ್ನು ನೋಡುವ ನೆಪದಲ್ಲಿ ಮನೆಗೆ ಬಂದವನು ಮಾಮನ ಪಕ್ಕಕ್ಕೇ ಸರಿದು ಕೂರುತ್ತಿದ್ದ.

"ಮಾವ, ಈ ಸಲ ಹಿಂಭಾಗ ಇಳಿಜಾರಾಗಿ ಬರುತ್ತಂತೆ, ಹೌದಾ?"

"ನನಗೇನು ಗೊತ್ತಪ್ಪ. ನಾನು ಬಟ್ಟೆ ಹೊಲಿಯೋನು."

"ಬಾಯಿ ಬಿಡೋದು ಬೇಡ. ಸುಮ್ನೆ ತಲೆ ಆಡಿಸಿ ಸಾಕು!"

ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಮಾಮನ ತಲೆಯಲ್ಲಿ ಮಾತ್ರ ಹುಳ ಕೊರೆಯುತ್ತಿತ್ತು. ಇವನು ಬರುವುದು ಮಗಳಿಗಾಗಿಯೋ, ಕಾರಿಗಾಗಿಯೋ?

ಒಂದು ದಿನ ಹೊಸ ಕಾರಿನ ಚಿತ್ರ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಯಾರೋ ಕೈಯಲ್ಲಿ ಬಿಡಿಸಿದ್ದು. ಹಿಂಭಾಗದ ಇಳಿಜಾರು, ಡಿಕ್ಕಿಯ ಅಂಚು, ಎಲ್ಲ ಹೆಚ್ಚುಕಮ್ಮಿ ನಿಜವಾದ ಕಾರಿನ ಹಾಗೇ! ಕಾರ್ಖಾನೆಯಲ್ಲಿ ಕೋಲಾಹಲವೋ ಕೋಲಾಹಲ. ಕಾವಲಿನ ಅಧಿಕಾರಿ ಒಬ್ಬೊಬ್ಬರನ್ನೇ ಕೋಣೆಗೆ ಕರೆದ.

"ಕಾರಿನ ಬಗ್ಗೆ ಮನೇಲಿ ಯಾರಾದ್ರೂ ಕೇಳಿದ್ರಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮಾಮ ಅಳಿಯನ ಹೆಸರು ಹೇಳಿದರು. ಅಂಗಡಿ ಎಲ್ಲಿದೆ ಎಂದೂ ಹೇಳಿದರು. ಹೊರಗೆ ಬಂದ ಮೇಲೆ ಎದೆ ಹಗುರವಾಯಿತು ಎನ್ನಿಸಿತಂತೆ, ಪುಣ್ಯಾತ್ಮನಿಗೆ!

ಅಧಿಕಾರಿ ನೇರ ಟಯರ್ ಅಂಗಡಿಗೇ ಹೋದ. ಗಿರಾಕಿಗಳ ಎದುರಿಗೇ ಹುಡುಗನ ಮೊಬೈಲು ಜಾಲಾಡಿದ, ಚೀಲ ನೆಲಕ್ಕೆ ಸುರಿದ. ಸಿಕ್ಕಿದ್ದು ಊಟದ ಡಬ್ಬಿ ಮತ್ತು ಮಾಸಿದ ಟವೆಲು. ಆದರೂ ಮಾಲೀಕ, "ಇದೆಲ್ಲ ತಣ್ಣಗಾಗೋವರೆಗೂ ಈ ಕಡೆ ಬರಬೇಡಪ್ಪಾ" ಎಂದು ಮನೆಗೆ ಕಳಿಸಿದ.

ಮಗಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ನೀವೇ ಅವರ ಹೆಸರು ಹೇಳಿದ್ರಾ?"

"ಅವನು ಕೇಳಿದ್ದು ನಿಜ ತಾನೇ?"

"ಕೇಳಿದ್ದು ನಿಜ. ನೀವು ಏನಾದ್ರೂ ಹೇಳಿದ್ರಾ?"

"ಛೆ! ಒಂದಕ್ಷರ ಇಲ್ಲ."

"ಮತ್ತೆ ನೀವು ಹೇಳದೇ ಇದ್ದಿದ್ದು ಅವರಿಗೆ ಹೇಗೆ ಗೊತ್ತಾಗುತ್ತಪ್ಪಾ?"

ಮಾಮ ತಡವರಿಸಿದರು. "ನಿದ್ದೇಲಿ ನಾನು ಏನಾದ್ರೂ ಬಡಬಡಿಸಿರಬಹುದು. ನೀನು ಕೇಳಿಸ್ಕೊಂಡು..."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು, ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

"ಸರಿ. ನಾನೂ ಕಳ್ಳಿ ಆದೆ. ಅವರು ಈ ಮನೆ ಸಂಬಂಧ ಬೇಡ ಅಂದ್ರೆ, ಯಾವ ಮುಖ ಇಟ್ಕೊಂಡು ಬೇಕು ಅನ್ನಲಿ?"

ಆಮೇಲೆ ಆ ಮನೆಯಲ್ಲಿ ಮಾತೇ ನಿಂತುಹೋಯಿತು. ತಟ್ಟೆ ಇಟ್ಟ ಸದ್ದು, ತಟ್ಟೆ ಎತ್ತಿದ ಸದ್ದು, ಅಷ್ಟೇ.

ಆ ವಾರವೇ ಕಾರಿನ ರೂಪ ತೀರ್ಮಾನಿಸುವ ವಿನ್ಯಾಸದ ಮೇಡಂ ಮಾಮನನ್ನು ಕರೆಸಿದರು. ಮೇಜಿನ ಮೇಲೆ ಆ ಚಿತ್ರ. ಪಕ್ಕದಲ್ಲೇ ಒಂದು ಫೋಟೋ: ಅಂಗಿ ತೊಟ್ಟ ಕಾರು ರಸ್ತೆಯಲ್ಲಿ ಹೋಗುವಾಗ ಯಾರೋ ದಾರಿಹೋಕ ತೆಗೆದದ್ದು.

"ಚಿತ್ರದಲ್ಲಿ ಡಿಕ್ಕಿ ಮೇಲೆ ಒಂದು ಗೀಟು ಕಾಣ್ತಿದೆಯಲ್ಲ, ಅದು ನಮ್ಮ ಕಾರಲ್ಲಿ ಇಲ್ವೇ ಇಲ್ಲ" ಎಂದರು ಮೇಡಂ. "ಈಗ ಫೋಟೋ ನೋಡಿ. ಅದು ನಿಮ್ಮ ಹೊಲಿಗೆ. ಒಳಗಿನೋರು ಯಾರೂ ಏನೂ ಮಾರಿಲ್ಲ. ಅಂಗಿ ನೋಡ್ಕೊಂಡೇ ಬಿಡಿಸಿದ್ದಾರೆ."

ಮಾಮ ಫೋಟೋ ಹತ್ತಿರಕ್ಕೆ ಎಳೆದುಕೊಂಡರು. ಮೂಟೆಯ ಹಾಗೆ ದೊಗಲೆಯಾಗಿರಲಿ ಎಂದೇ ಅವರಿಗೆ ಹೇಳಿದ್ದರು. ಹಾಗೇ ಹೊಲಿದು ತೊಡಿಸಿಯೂ ಇದ್ದರು. ಆದರೆ ಹಿಂದೆ ಜೋಲುತ್ತಿದ್ದ ಬಟ್ಟೆ ಕಂಡು ಟೈಲರ ಜೀವ ಚಡಪಡಿಸಿತು. ಇಷ್ಟು ವರ್ಷ ಒಂದು ಕೋಟೂ ಬೆನ್ನಲ್ಲಿ ಹೀಗೆ ಜೋತದ್ದಿಲ್ಲ! ಯಾರಿಗೂ ಹೇಳದೆ ಹಿಂದುಗಡೆ ಡಿಕ್ಕಿಯ ಮೇಲೆ ಒಂದು ಮಡಿಕೆ ಹಿಡಿದು ಹೊಲಿದು ಬಿಗಿ ಮಾಡಿದ್ದರು. ಬಟ್ಟೆ ಕಾರಿನ ಮೈಗೆ ಅಂಟಿಕೊಂಡು ಒಳಗಿನ ಆಕಾರವೆಲ್ಲ ಎದ್ದು ಕಾಣುತ್ತಿತ್ತು.

"ಎಷ್ಟು ಚೆನ್ನಾಗಿ ಕೂತಿದೆ" ಎಂದು ಈಗಲೂ ಬಾಯಿಂದ ಬಂದೇಬಿಟ್ಟಿತು.

"ಅದೇ ಆಗಿರೋದು ತೊಂದರೆ" ಎಂದರು ಮೇಡಂ.

ಮಾಮ ಮನೆಗೆ ಹೋಗಲಿಲ್ಲ. ಸೀದಾ ಹುಡುಗನ ಮನೆಯ ಬಾಗಿಲು ತಟ್ಟಿದರು. ಅವನು ಒಳಗೆ ಕರೆದು ಕೂರಿಸಿ ನೀರು ಕೊಟ್ಟ. ಮಾಮ ನೀರು ಮುಟ್ಟದೆ ನಡೆದದ್ದನ್ನೆಲ್ಲ ಒಪ್ಪಿಸಿದರು. ನಾಳೆ ತಾವೇ ಟಯರ್ ಅಂಗಡಿಗೆ ಬಂದು ಗಿರಾಕಿಗಳ ಎದುರಿಗೇ ತಪ್ಪು ತಮ್ಮದೆಂದು ಹೇಳುವುದಾಗಿಯೂ ಹೇಳಿದರು.

"ಬನ್ನಿ ಮಾವ. ಮಾಲೀಕರು ನಿಮ್ಮ ಬಾಯಿಂದ ಕೇಳಿದ್ರೆ ಒಳ್ಳೇದು" ಎಂದ ಹುಡುಗ. "ಮದುವೆ ಬಗ್ಗೆ ಯೋಚನೆ ಬೇಡ. ನಾನು ಮಾತು ಕೊಟ್ಟಿರೋದು ಅವಳಿಗೆ."

ಮಾಮನಿಗೆ ಹೋದ ಜೀವ ಬಂದ ಹಾಗಾಯಿತು. ಇವನಿಗೆ ಏನಾದರೂ ಕೊಡಬೇಕು, ಏನು ಕೊಡಲಿ ಎಂದು ಕೈ ಹಿಸುಕಿಕೊಂಡರು. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಬಾ ಇಲ್ಲಿ. ಆ ಕಾರಿನ ಹಿಂಭಾಗ ನಿಜವಾಗ್ಲೂ ಹೇಗಿದೆ ಅಂತ ಹೇಳ್ತೀನಿ. ನಿನಗೊಬ್ಬನಿಗೇ."

ಹುಡುಗ ಎದ್ದು ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ ಮಾವ, ದಯವಿಟ್ಟು ಹೇಳಬೇಡಿ" ಎಂದ. "ನಾಳೆ ಮತ್ತೆ ಏನಾದ್ರೂ ಹೊರಗೆ ಬಂದ್ರೆ, ನೀವು ಮೊದಲು ನೋಡೋದು ನನ್ನ ಮುಖಾನೇ."