ಹಾನಗಲ್ಲಿನ ಗುಡಿಯಲ್ಲಿ ಕೂಡಿಬಂದ ಸಂಧಾನ

೧೯೭೯ನೇ ಇಸವಿಯ ಸಂಕ್ರಾಂತಿ ಮುಗಿದ ಮೇಲೆ ನನ್ನ ಅಕ್ಕ ಗಿರಿಜಾ ಊಟ ಬಿಟ್ಟಳು. ಹಟಕ್ಕೆ ಬಿಟ್ಟದ್ದಲ್ಲ, ತುತ್ತು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಹಾನಗಲ್ಲಿನ ತಾರಕೇಶ್ವರನನ್ನು ನಂಬಿದ ಬಂಧುಗಳೇ, ಆಗ ನಮಗೆ ಬಂದ ಕಷ್ಟವನ್ನೂ ಅವನು ಅದನ್ನು ಕಳೆದ ಬಗೆಯನ್ನೂ ಒಂಬತ್ತು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಮನೆಯ ಜಗಳವನ್ನು ನಾಲ್ಕು ಜನರ ಮುಂದೆ ಇಡುವುದು ಹೇಗೆಂದು ಇಷ್ಟು ದಿನ ಸಂಕೋಚಪಟ್ಟೆ. ಈಗ ಅಕ್ಕನೇ, "ಬರೀ, ಯಾರಿಗರೆ ಧೈರ್ಯ ಬಂದೀತು" ಅಂದಿದ್ದಾಳೆ.

ನಮ್ಮೂರು ಸವಣೂರು ತಾಲೂಕಿನ ಹತ್ತಿಮತ್ತೂರು. ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಭಾವನಿಗೆ ಹಾವೇರಿಯ ಅರಳೆ ಗಿರಣಿಯಲ್ಲಿ ಕೆಲಸ ಸಿಕ್ಕಾಗ ಅಕ್ಕ, ಅಲ್ಲೇ ಮನೆ ಮಾಡೋಣ ಎಂದಳು. ಅತ್ತೆ ಗಂಗವ್ವ ಒಪ್ಪಲಿಲ್ಲ. "ನೀವು ಎಲ್ಲಿಗರೆ ಹೋಗ್ರಿ, ಕೂಸು ಮಾತ್ರ ನನ್ನ ಹಂತೇಕ ಇರ್ತೈತಿ" ಎಂದು ಪಟ್ಟು ಹಿಡಿದಳು. ಕೂಸು ಅಂದರೆ ಪಾರಿ, ಆಗ ನಾಲ್ಕು ವರ್ಷದವಳು. ಮಾತಿಗೆ ಮಾತು ಬೆಳೆದು, ಸಿಟ್ಟಿನ ಭರದಲ್ಲಿ ಭಾವ ಅಕ್ಕನನ್ನು ಒಬ್ಬಳನ್ನೇ ತವರಿನ ಬಸ್ಸಿಗೆ ಹತ್ತಿಸಿಬಿಟ್ಟ. ಅಪ್ಪ ಎರಡು ಸಲ ಹಿರೇಕೆರೂರಿಗೆ ಹೋದ. ಎರಡು ಸಲವೂ ಅಂಗಳದಲ್ಲೇ ನಿಂತು ಕೂಗಾಡಿ ಬಂದ. ಮೂರನೇ ಸಲ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಮಾಡಿದ. ಹೀಗೆ ಮೂರು ತಿಂಗಳು ಕಳೆದು ಸಂಕ್ರಾಂತಿ ಬಂತು.

ನಾನಾಗ ಧಾರವಾಡದಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದೆ. ರಾಜ್ಯಶಾಸ್ತ್ರದ ಎಂ.ಎ. ಎರಡನೇ ವರ್ಷ. ಅದರಲ್ಲಿ ಅಂತರರಾಷ್ಟ್ರೀಯ ಸಂಧಾನ ಎಂಬ ಒಂದು ವಿಷಯ ಇತ್ತು. ದೇಶ ದೇಶಗಳು ಮಾತುಕತೆಗೆ ಕೂಡುವುದು ಹೇಗೆ, ಮೊದಲು ಯಾವ ಮಾತು ಎತ್ತಬೇಕು, ಯಾವುದನ್ನು ಕಡೆಗೆ ಇಟ್ಟುಕೊಳ್ಳಬೇಕು, ಒಪ್ಪಂದದ ಒಂದು ಶಬ್ದಕ್ಕಾಗಿ ವಾರಗಟ್ಟಲೆ ಯಾಕೆ ಕಾಯುತ್ತಾರೆ, ಇದೇ ಅದರ ಪಾಠ. ನನಗೆ ಆ ವಿಷಯದ ಮೇಲೆ ಎಲ್ಲಿಲ್ಲದ ಪ್ರೀತಿ. ಹೆಣ್ಣುಮಕ್ಕಳಲ್ಲಿ ಅದನ್ನು ಆರಿಸಿಕೊಂಡವಳು ನಾನೊಬ್ಬಳೇ.

ಆದರೆ ಪರೀಕ್ಷೆಯಲ್ಲಿ ಬಿದ್ದೆ. ಒಂದೇ ನದಿಯ ನೀರು ಹಂಚಿಕೊಳ್ಳಬೇಕಾದ ಎರಡು ದೇಶಗಳೆಂದು ನಮ್ಮನ್ನು ಎದುರುಬದುರು ಕೂರಿಸಿದ್ದರು. ನಾನು ಮೇಲಿನ ದೇಶ. ಅರ್ಧ ತಾಸು ಬಿಡದೆ ಮಾತಾಡಿದೆ. ಎದುರಿನವರ ಒಂದೊಂದು ಮಾತನ್ನೂ ಮುರಿದು ಹಾಕಿದೆ. ಕಡೆಗೆ ಅವರು ಕಾಗದ ಮಡಚಿಕೊಂಡು ಎದ್ದುಹೋದರು. ನಾನು ಗೆದ್ದೆ ಅಂದುಕೊಂಡಿದ್ದೆ. ನಮ್ಮ ಪ್ರಾಧ್ಯಾಪಕರು ಸಿಟ್ಟು ಮಾಡಲಿಲ್ಲ, ಮೆಲ್ಲಗೆ ಕೇಳಿದರು: "ನೀ ವಕೀಲಿಕಿ ಮಾಡಿದಿ, ಸಂಧಾನ ಮಾಡಲಿಲ್ಲ. ಎದುರಿನವರಿಗೆ ಯಾತರ ಅಂಜಿಕಿ ಐತಿ ಅಂತ ಒಮ್ಮೆರೆ ಕೇಳಿದೇನು?" ಮಾರ್ಚಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕೂಡಬೇಕು, ಆಗಲೂ ಆಗದಿದ್ದರೆ ಆ ವರ್ಷ ಹೋದ ಹಾಗೇ ಎಂದರು.

ಅದೇ ವಾರ ಅವ್ವನ ಕಾಗದ ಬಂತು. ಅಕ್ಕನನ್ನು ಸವಣೂರಿನ ದವಾಖಾನೆಗೆ ಸೇರಿಸಿದ್ದರು. ನಾನು ಹೋದಾಗ ಸಲೈನ್ ಏರಿಸಿ ಮಲಗಿಸಿದ್ದರು. ಕೈ ನೋಡಿದರೆ ಹದಿನೈದು ವರ್ಷದ ಹುಡುಗಿಯ ಕೈಯಷ್ಟು ಸಣ್ಣ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಬರೇ ಬಾಟ್ಲಿ ಮ್ಯಾಲ ಮನಷ್ಯಾ ಎಷ್ಟ ದಿನ ಇರ್ತಾನ್ರಿ? ಹೆಂಗರೆ ಮಾಡಿ ಊಟ ಮಾಡಸ್ರಿ" ಎಂದರು. ಅವ್ವ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನ ಮುಖ ನೋಡದೆಯೇ ಕೇಳಿದಳು: "ದೇಶ ದೇಶದ ಜಗಳ ಬಗೆಹರಸೋದು ಕಲ್ಯಾಕತ್ತೇನಿ ಅಂತೀಯಲ್ಲ ಸುಮಿತ್ರಾ, ನಮ್ಮ ಎರಡ ಮನೀದು ಬಗೆಹರಸಾಕ ಆಗೂದಿಲ್ಲೇನ ನಿನಗ?"

ಆ ಮಾತು ಎದೆಗೆ ನಾಟಿತು. ಇಷ್ಟು ಓದಿ ಏನು ಉಪಯೋಗ, ಓದು ಬಿಟ್ಟು ಅಕ್ಕನ ಹತ್ತಿರ ಇದ್ದುಬಿಡೋಣ ಎನ್ನಿಸಿತು. ಆದರೂ ಒಂದು ಸಲ ಹಿರೇಕೆರೂರಿಗೆ ಹೋಗಿ ನೋಡಬೇಕೆಂದು ಅನ್ನಿಸಿ, ನೋಟುಬುಕ್ಕಿನಲ್ಲಿ ನಾಲ್ಕು ಪುಟ ಬರೆದುಕೊಂಡೆ. ಕಾಯ್ದೆ ಏನು ಹೇಳುತ್ತದೆ, ತಾಯಿಯ ಹಕ್ಕು ಏನು, ಅವರು ಹಿಂಗಂದರೆ ನಾನು ಹಂಗನ್ನಬೇಕು. ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ.

ಹಿರೇಕೆರೂರಿಗೆ ಹಾವೇರಿಯ ಮೇಲೆ ಹೋದರೂ ಆಗುತ್ತಿತ್ತು. ನಾನು ಬೇಕೆಂದೇ ಹಾನಗಲ್ಲಿನ ಬಸ್ಸು ಹತ್ತಿದೆ. ಸಣ್ಣವಳಿದ್ದಾಗಿನಿಂದ ನನಗೆ ತಾರಕೇಶ್ವರನ ಮುಂದೆ ನಿಂತರೆ ಅಳು ನಿಲ್ಲುತ್ತದೆ. ಗಾಲಿಯ ಮೇಲಿನ ಸೀಟು, ದಾರಿ ತುಂಬ ಧೂಳು. ಗುಡಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು, ಒಳಗೆ ಕಂಬಗಳ ನಡುವೆ ತಂಪಿತ್ತು. ಕಣ್ಣು ಮುಚ್ಚಿ ಬೇಡಿಕೊಂಡೆ: "ತಂದೆ, ಇವತ್ತು ನನ್ನ ನಾಲಗೆಯ ಮೇಲೆ ಕೂಡು. ಅವರು ಉತ್ತರ ಕೊಡಲಾರದಂಥ ಮಾತು ಆಡಿಸು."

ಹಾಗೆ ಬೇಡುತ್ತಿರುವಾಗ ಹಿಂದಿನಿಂದ ಒಂದು ಸಣ್ಣ ದನಿ ಕೇಳಿಸಿತು. "ಆಯಿ, ಮೆಟ್ಟಲಾ ಐತಿ. ಇನ್ನೊಂದ ಐತಿ. ಹಾಂ, ಈಗ ಸಪಾಟ."

ತಿರುಗಿ ನೋಡಿದರೆ ಪಾರಿ! ಒಬ್ಬ ಮುದುಕಿಯ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ಆ ಮುದುಕಿ ಗಂಗವ್ವ, ಪಾರಿಯ ಆಯಿ, ಅಂದರೆ ಅಜ್ಜಿ. ಒಂದು ಕೈ ಕೂಸಿನ ಕೈಯಲ್ಲಿ, ಇನ್ನೊಂದು ಕೈಯಿಂದ ಕಂಬ ತಡಕುತ್ತಿದ್ದಳು. ನನ್ನಿಂದ ಎರಡು ಮಾರು ದೂರದಲ್ಲಿ ನಿಂತರೂ ನಾನು ಅವಳಿಗೆ ಕಾಣಲಿಲ್ಲ. ನೆಲಕ್ಕೆ ಹಣೆ ಹಚ್ಚಿ ಗಟ್ಟಿಯಾಗಿಯೇ ಹೇಳಿಕೊಂಡಳು: "ನನ್ನಪ್ಪಾ, ಹಿರೇಕೆರೂರಿಂದ ನಿನ್ನ ಹಂತೇಕ ಬಂದೇನಿ. ಒಂದ ಕಣ್ಣ ಪೂರಾ ಹೋತು. ಇನ್ನೊಂದ ಮಂಜ ಆಗೇತಿ. ಸೊಸಿಗೆ ಗೊತ್ತಾದ್ರ ಈ ಕುರುಡೀನ್ನ ಯಾರ ಜ್ವಾಕಿ ಮಾಡ್ತಾರ ಅಂತ ಗಂಡನ್ನ ಕರಕೊಂಡ ಹೊಕ್ಕಾಳ. ಈ ಕೂಸಿನ ಕೈ ಒಂದ ಬಿಡಸಬ್ಯಾಡ."

ಅತ್ತೆಯ ಮೇಲಿನ ಅಕ್ಕನ ದೂರುಗಳು ಒಂದೊಂದಾಗಿ ನೆನಪಾದವು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ, ಎದುರಿಗೆ ಬಂದರೂ ಮಾತಾಡದೆ ಹೋಗುತ್ತಾಳೆ ಎಂದು ಅಕ್ಕ ದೂರುತ್ತಿದ್ದಳು. ನಾವೆಲ್ಲ ಅದನ್ನು ಸೊಕ್ಕು ಅಂದುಕೊಂಡಿದ್ದೆವು.

ಅಷ್ಟರಲ್ಲಿ ಪಾರಿ ನನ್ನನ್ನು ನೋಡಿ "ಚಿಗವ್ವಾ!" ಎಂದು ಕೂಗಿದಳು. ಗಂಗವ್ವ ಬೆಚ್ಚಿ ಕೂಸನ್ನು ಮೈಗೆ ಅವುಚಿಕೊಂಡಳು. "ಯಾರದು? ಹತ್ತಿಮತ್ತೂರವರೇನು? ಕೂಸಿನ್ನ ಒಯ್ಯಾಕ ಬಂದೀರಿ?"

ನಾಲ್ಕು ಪುಟದಲ್ಲಿ ಬರೆದುಕೊಂಡ ಒಂದು ಮಾತೂ ನೆನಪಿಗೆ ಬರಲಿಲ್ಲ. ಬಾಯಿಂದ ಬಂದದ್ದು ಇಷ್ಟೇ: "ಅತ್ತೀ, ನಾ ಸುಮಿತ್ರಾ. ಒಬ್ಬಾಕೀನ ಬಂದೇನಿ. ಕಣ್ಣು ಯಾವಾಗಿನಿಂದ ಹಿಂಗ ಆಗ್ಯಾವ?"

ಅವಳು ಕಂಬಕ್ಕೆ ಒರಗಿ ಕೂತು, ಸೆರಗು ಬಾಯಿಗೆ ಹಿಡಿದು ಅತ್ತಳು. "ಎರಡ ವರ್ಷಾತು. ಮಗಗೂ ಹೇಳಿಲ್ಲವ್ವ. ಈ ಕೂಸಿಗಷ್ಟ ಗೊತ್ತ."

ನಾನು ನಡುವೆ ಬಾಯಿ ಹಾಕಲಿಲ್ಲ. ಅವಳು ಹೇಳುವುದೆಲ್ಲ ಹೇಳಿ ಮುಗಿಸಿದ ಮೇಲೆ ಅಕ್ಕನ ಸ್ಥಿತಿ ತಿಳಿಸಿದೆ. ಅವಳು ನನ್ನ ಕೈ ಹುಡುಕಿ ಹಿಡಿದಳು. "ಊಟಾನ ಮಾಡವಲ್ಲಳಾ? ನನಗ ಯಾರೂ ಹೇಳಲೇ ಇಲ್ಲ. ನಿಮ್ಮಪ್ಪ ಬಂದಾಂವ ಬರೇ ಮರ್ಯಾದಿ ಮಾತ ಆಡಿ ಹೋದ."

ಆ ಕಲ್ಲಿನ ಮೇಲೆ ಕೂತೇ ಮಾತುಕತೆ ನಡೆಯಿತು. ಮನೆ ಎಲ್ಲಿ ಮಾಡಬೇಕೆಂಬ ಮಾತನ್ನು ಕಡೆಗೆ ಇಡೋಣ, ಮೊದಲು ಕಣ್ಣು ತೋರಿಸೋಣ ಎಂದೆ. ದವಾಖಾನೆಯಲ್ಲಿ ನಿಮ್ಮ ಹತ್ತಿರ ಅಕ್ಕನೇ ಇರುತ್ತಾಳೆ, ಮುಂದೆ ಅಕ್ಕ ಭಾವ ಎಲ್ಲಿದ್ದರೂ ನೀವೂ ಅಲ್ಲೇ ಎಂದೆ. ಅವಳು ಎಲ್ಲಕ್ಕೂ ಹೂಂ ಎಂದಳು. ಆಮೇಲೆ ತನ್ನದೂ ಒಂದು ಕರಾರು ಹಾಕಿದಳು. "ನನ್ನ ಕಣ್ಣಿನ ಸುದ್ದಿ ನಾನ ಹೇಳ್ತೇನಿ. ನೀ ಮುಂದಾಗಿ ಹೇಳಿ ನನ್ನ ಮ್ಯಾಲ ಕನಿಕರ ಹುಟ್ಟಸಬ್ಯಾಡ." ಆಗಲಿ ಎಂದು ಮಾತು ಕೊಟ್ಟೆ. ಅವಳು ಸೆರಗು ಕೊಡವಿ ಎದ್ದು ಕೇಳಿದಳು: "ಸವಣೂರಿಗೆ ಬಸ್ಸು ಎಷ್ಟೊತ್ತಿಗೈತಿ?"

ದವಾಖಾನೆ ಮುಟ್ಟಿದಾಗ ಇಳಿಹೊತ್ತು. ಅಪ್ಪ ಬಾಗಿಲಲ್ಲೇ ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತ, ಮುಖ ಬಿಗಿದಿತ್ತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಕೊಟ್ಟ ಮಾತು ನೆನಪಾಗಿ ಮುಚ್ಚಿದೆ. ಗಂಗವ್ವ ತಾನೇ ಮುಂದೆ ಬಂದಳು. "ಬೀಗರ, ನನಗ ಕಣ್ಣ ಕಾಣೂದಿಲ್ಲ. ಎರಡ ವರ್ಷಾತು. ಗಿರಿಜಾ ಎಲ್ಲಿ ಮಲಗ್ಯಾಳ, ಒಂದೀಟ ತೋರಸ್ರಿ."

ಅಪ್ಪ ಅವಳ ಕಣ್ಣು ನೋಡಿದ, ಕೂಸನ್ನು ನೋಡಿದ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಅದರ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. ಇನ್ನೊಂದು ತುದಿ ತಾನು ಹಿಡಿದು, "ಬರ್ರಿ, ಸಾವಕಾಶ ಬರ್ರಿ" ಎಂದು ಮುಂದೆ ನಡೆದ.

ಪಾರಿ ಮೊದಲು ಅಕ್ಕನ ಹತ್ತಿರ ಹೋಗಲೇ ಇಲ್ಲ. ಸಲೈನ್ ಬಾಟ್ಲಿಗೆ ಅಂಜಿ ಆಯಿಯ ಸೀರೆಯ ಹಿಂದೆ ಅಡಗಿದಳು. ಅಕ್ಕ ಕೈ ಚಾಚಿದವಳು ಹಾಗೇ ಕಾಯುತ್ತಿದ್ದಳು. "ಹೋಗ ನನ್ನವ್ವ, ನಿಮ್ಮವ್ವ ಅದಾಳ" ಎಂದು ಗಂಗವ್ವ ಮೆಲ್ಲಗೆ ನೂಕಿದ ಮೇಲೆ ಹತ್ತಿರ ಹೋಗಿ, ಅಕ್ಕನ ಬಳೆ ಎಣಿಸುವವಳ ಹಾಗೆ ಮುಟ್ಟಿ ಮುಟ್ಟಿ ನೋಡಿ, ಮಂಚ ಹತ್ತಿದಳು. ಅವತ್ತು ಸಂಜೆ ಅಕ್ಕ ಒಂದು ಬಟ್ಟಲು ಜೋಳದ ಗಂಜಿ ಕುಡಿದಳು. ಅವ್ವ ಖಾಲಿ ಬಟ್ಟಲನ್ನು ಡಾಕ್ಟರಿಗೆ ಒಯ್ದು ತೋರಿಸಿದಳು.

ಭಾನುವಾರ ಭಾವ ಬಂದ. ತಾಯಿಯ ಕಣ್ಣಿನ ಸುದ್ದಿ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಅಕ್ಕ ಚೇತರಿಸಿಕೊಂಡ ಮೇಲೆ ಗಂಗವ್ವನನ್ನು ಹುಬ್ಬಳ್ಳಿಗೆ ಒಯ್ದರು. ಬರೀ ಪೊರೆ, ತೆಗೆದರೆ ಕಾಣುತ್ತದೆ ಎಂದರು. ಎರಡು ವರ್ಷ ಕತ್ತಲಲ್ಲಿ ಅಂಜಿ ಕೂತದ್ದು ಒಂದು ಪೊರೆಗೆ! ಎಂಟು ದಿನ ಅಕ್ಕ ಅವಳಿಗೆ ಉಣಿಸಿದಳು, ತಲೆ ಬಾಚಿದಳು. ಪಟ್ಟಿ ಬಿಚ್ಚುವಾಗ ನಾನೂ ಇದ್ದೆ. ಗಂಗವ್ವ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. "ಎಷ್ಟ ಬಡವಾಗೀಯವ್ವ ನೀನು" ಎಂದಳು. ಇಬ್ಬರೂ ಅತ್ತರು.

ಮಾರ್ಚಿನಲ್ಲಿ ನಾನು ಮತ್ತೆ ಪರೀಕ್ಷೆಗೆ ಕೂತೆ. ಈ ಸಲ ಕೆಳಗಿನ ದೇಶ. ಕಡಿಮೆ ಮಾತಾಡಿದೆ, ಹೆಚ್ಚು ಕೇಳಿದೆ. ಎರಡೂ ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕಿ ಎದ್ದೆವು. ಈಗ ಶಿಗ್ಗಾಂವಿಯಲ್ಲಿ ಕಾಲೇಜು ಹುಡುಗರಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ. ದೊಡ್ಡ ದೊಡ್ಡ ಒಪ್ಪಂದಗಳ ಪಾಠ ಮಾಡುವಾಗೆಲ್ಲ ನನ್ನ ಮನಸ್ಸಿನಲ್ಲಿ ಅಪ್ಪನ ವಲ್ಲಿಯೇ ಇರುತ್ತದೆ.

ಅಕ್ಕ ಭಾವ ಹಾವೇರಿಯಲ್ಲೇ ಮನೆ ಮಾಡಿದ್ದಾರೆ, ಗಂಗವ್ವನೂ ಅಲ್ಲೇ. ದೇವರು ನಾವು ಬೇಡಿದ್ದನ್ನು ಕೊಡುತ್ತಾನೋ ಇಲ್ಲವೋ, ಬೇಕಾದದ್ದನ್ನು ಎದುರಿಗೆ ತಂದು ನಿಲ್ಲಿಸುತ್ತಾನೆ ಎಂಬುದು ನಾನು ಕಂಡ ಸತ್ಯ. ಆ ದಿನ ಬೇರೆ ಬಸ್ಸು ಹತ್ತಿದ್ದರೆ ಏನಾಗುತ್ತಿತ್ತೋ, ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಳೆದ ಕಾರ್ತಿಕದಲ್ಲಿ ಎಲ್ಲರೂ ಹಾನಗಲ್ಲಿಗೆ ಹೋಗಿದ್ದೆವು. ಗಂಗವ್ವ ದಪ್ಪ ಕನ್ನಡಕ ಏರಿಸಿಕೊಂಡು ಗುಡಿಯ ಛಾವಣಿಯ ಕೆಳಗೆ ನಿಂತು, ಕತ್ತು ಎತ್ತಿ, ಅಲ್ಲಿ ಕೆತ್ತಿದ ಕಲ್ಲಿನ ತಾವರೆಯನ್ನು ನೋಡಿಯೇ ನೋಡಿದಳು. ಹೊತ್ತಾತು, ಬಸ್ಸು ಹೋಗುತ್ತದೆ ಎಂದು ಭಾವ ಅವಸರ ಮಾಡಿದ.

"ಹೋಗಲಿ ಬಿಡೋ, ಇನ್ನೊಂದ ಬರ್ತೈತಿ" ಎಂದಳು ಗಂಗವ್ವ. "ನಾ ಇನ್ನೂ ಎಸಳ ಎಣಸಾಕತ್ತೇನಿ."